ಸ್ನಾಯು ಎಳೆದಿದೆ, ಗುರಿ ಬಿಡಬೇಡಿ: ಮತ್ತೆ ಓಡಲು 13 ಸೂತ್ರಗಳು

ಶನಿವಾರ ಬೆಳಿಗ್ಗೆ ಟೆನಿಸ್ ಬಾಲ್ ಕ್ರಿಕೆಟ್. ಐದು ದಿನ ಕುರ್ಚಿಯಲ್ಲಿ ಮಡಚಿಕೊಂಡಿದ್ದ ಕಾಲು ವಾರ್ಮಪ್ ಇಲ್ಲದೆ ಎರಡನೇ ರನ್ನಿಗೆ ಓಡುತ್ತದೆ. ತೊಡೆಯ ಹಿಂದೆ ಛಳಕ್ ಎನ್ನುತ್ತದೆ. ಸೋಮವಾರ ಕ್ಲೈಂಟ್ ಮೀಟಿಂಗ್, ಮುಂದಿನ ತಿಂಗಳು ಪರೀಕ್ಷೆ, ನವೆಂಬರಿಗೆ ಕನ್ನಡ ಕೂಟದ ರಾಜ್ಯೋತ್ಸವದ ಡಾನ್ಸ್. ಇದೆಲ್ಲದರ ನಡುವೆ ಒಂದು ಕುಂಟುಗಾಲು.

ನಾವಿರುವ ಮಿಶಿಗನ್‌ನ ಫಾರ್ಮಿಂಗ್ಟನ್ ಹಿಲ್ಸ್ ದುಡಿಯುವವರ ಊರು. ಬಾಷ್ ಇದೆ, ನಿಸ್ಸಾನ್ ಟೆಕ್ನಿಕಲ್ ಸೆಂಟರ್ ಇದೆ. ಆರ್ಚರ್ಡ್ ಲೇಕ್ ರಸ್ತೆಯಲ್ಲಿ ಓಕ್‌ಲ್ಯಾಂಡ್ ಕಮ್ಯೂನಿಟಿ ಕಾಲೇಜಿನ ಕ್ಯಾಂಪಸ್ ಇದೆ. ಇಲ್ಲಿಗೆ ಬಂದ ಕನ್ನಡಿಗರಲ್ಲಿ ಸುಮ್ಮನೆ ಕೂರಲು ಬಂದವರು ಯಾರೂ ಇಲ್ಲ. ಹಾಗಾಗಿ ಸ್ನಾಯು ಎಳೆದಾಗ ನಮ್ಮವರು ಎರಡು ತಪ್ಪುಗಳಲ್ಲಿ ಒಂದನ್ನು ಖಂಡಿತ ಮಾಡುತ್ತಾರೆ. ಕೆಲವರು ಏನೂ ಆಗಿಲ್ಲ ಎಂದು ಮರುದಿನವೇ ಓಡುತ್ತಾರೆ. ಕೆಲವರು ಹೆದರಿ ಒಂದು ತಿಂಗಳು ಸೋಫಾ ಬಿಟ್ಟು ಏಳುವುದಿಲ್ಲ. ಎರಡೂ ಬೇಡ. ಎಳೆದ ಸ್ನಾಯು ಅಳತೆಯ ಕೆಲಸದಿಂದ ವಾಸಿಯಾಗುತ್ತದೆ. ಅಳತೆ ಕಲಿಯಿರಿ.

1. ಆಟ ಅಲ್ಲೇ ನಿಲ್ಲಿಸಿ

"ಇನ್ನೊಂದು ಓವರ್ ಅಷ್ಟೇ" ಎನ್ನಬೇಡಿ. ಬ್ಯಾಟ್ ಕೆಳಗಿಡಿ, ಬೌಂಡರಿಯಾಚೆ ಬನ್ನಿ. ಹರಿದ ಎಳೆಗಳ ಪಕ್ಕದಲ್ಲಿ ಇನ್ನೂ ಹರಿಯದ ಎಳೆಗಳಿವೆ. ಮುಂದಿನ ಓಟದಲ್ಲಿ ಇಡೀ ಭಾರ ಅವುಗಳ ಮೇಲೆ ಬೀಳುತ್ತದೆ. ಎರಡು ವಾರದ ಗಾಯ ಎರಡು ತಿಂಗಳಿನದಾಗುವುದು ಹೀಗೆಯೇ.

2. ಗಾಯಕ್ಕೆ ಸರಿಯಾದ ಹೆಸರಿಡಿ

ಊರಿಗೆ ಫೋನ್ ಮಾಡಿದರೆ "ನರ ಹಿಡ್ಕೊಂಡಿದೆ" ಎನ್ನುತ್ತಾರೆ. ಇಲ್ಲಿಯ ಸ್ನೇಹಿತರು "ಉಳುಕಿದೆ ಬಿಡು" ಎನ್ನುತ್ತಾರೆ. ಎರಡೂ ಬೇರೆ ವಿಷಯ. ನರ ಸಂದೇಶ ಒಯ್ಯುವ ತಂತಿ. ಅದಕ್ಕೆ ತೊಂದರೆಯಾದರೆ ಜೋಮು, ಉರಿ, ಸೊಂಟದಿಂದ ಪಾದದವರೆಗೆ ಹರಿಯುವ ನೋವು ಬರುತ್ತದೆ. ಉಳುಕು ಕೀಲಿನಲ್ಲಿ ಮೂಳೆಗೆ ಮೂಳೆ ಕಟ್ಟಿದ ಪಟ್ಟಿಗೆ ಆಗುವ ಪೆಟ್ಟು. ನಿಮ್ಮದು ಮಸಲ್ ಸ್ಟ್ರೇನ್, ಅಂದರೆ ಮಾಂಸಖಂಡದ ಎಳೆಗಳು ತಡೆಯಲಾರದಷ್ಟು ಎಳೆದು ಹರಿದಿವೆ.

ಯಾವ ಮಾಂಸಖಂಡ? ಬೆರಳಿಟ್ಟು ಹುಡುಕಿ. ವೇಗದ ಓಟದಲ್ಲಿ ತೊಡೆಯ ಹಿಂದೆ ಹಿಡಿದರೆ ಹ್ಯಾಮ್‌ಸ್ಟ್ರಿಂಗ್. ಅದು ಒಂದಲ್ಲ, ಮೂರು ಸ್ನಾಯುಗಳ ಗುಂಪು. ಚೆಂಡು ಒದೆಯುವಾಗ ತೊಡೆಯ ಮುಂದೆ ಹಿಡಿದರೆ ಕ್ವಾಡ್ಸ್. ಥಟ್ಟನೆ ದಿಕ್ಕು ಬದಲಿಸುವಾಗ ತೊಡೆಸಂದಿನಲ್ಲಿ ಹಿಡಿದರೆ ಒಳತೊಡೆಯ ಸ್ನಾಯು. ಬ್ಯಾಡ್ಮಿಂಟನ್ ಆಡುವಾಗ ಯಾರೋ ಹಿಂದಿನಿಂದ ಕಲ್ಲೆಸೆದಂತೆ ಮೀನಖಂಡಕ್ಕೆ ಬಡಿದರೆ, ಅದಕ್ಕೆ ಟೆನಿಸ್ ಲೆಗ್ ಎಂದೇ ಹೆಸರು.

ಇನ್ನು ಗ್ರೇಡ್. ಮೊದಲನೆಯದರಲ್ಲಿ ಕೆಲವೇ ಎಳೆ ಹರಿದಿರುತ್ತವೆ; ನಡೆಯಬಹುದು, ಓಡಲಾಗದು. ಎರಡನೆಯದರಲ್ಲಿ ಊತ, ನೀಲಿ ಕಲೆ, ಕುಂಟು, ಶಕ್ತಿ ಕಡಿಮೆ. ಮೂರನೆಯದರಲ್ಲಿ ಸ್ನಾಯು ಪೂರ್ತಿ ಹರಿದಿರುತ್ತದೆ. ಮೊದಲನೆಯದು ಮತ್ತು ಎರಡನೆಯದರ ಬಹುಪಾಲು ಮನೆಯಲ್ಲೇ ಸರಿಹೋಗುತ್ತದೆ. ಮೂರನೆಯದು ಮನೆಮದ್ದಿನ ವಿಷಯವೇ ಅಲ್ಲ.

3. ಈ ಲಕ್ಷಣಗಳನ್ನು ಇವತ್ತೇ ಪರೀಕ್ಷಿಸಿ

ಈ ಒಂದು ಸೂತ್ರದ ಮೇಲೆ ಮಾತ್ರ ಸುಮ್ಮನೆ ಕಣ್ಣಾಡಿಸಿ ಬಿಡಬೇಡಿ. ಮನೆಯಲ್ಲಿ ನೋಡಿಕೊಳ್ಳುತ್ತೇನೆ ಎನ್ನುವ ಹಕ್ಕು ಇದನ್ನು ದಾಟಿದವರಿಗೆ ಮಾತ್ರ.

ಕಾಲಿನ ಮೇಲೆ ಭಾರ ಹಾಕಲು ಆಗುತ್ತಲೇ ಇಲ್ಲವೇ? ಮಾಂಸಖಂಡದ ನಡುವೆ ಹಳ್ಳ ಸಿಗುತ್ತಿದೆಯೇ? ಟಪ್ ಎಂದು ಸದ್ದು ಕೇಳಿಸಿ, ಆ ಕಾಲಿನ ತುದಿಗಾಲಲ್ಲಿ ನಿಲ್ಲಲು ಆಗುತ್ತಿಲ್ಲವೇ? ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದಿರಬಹುದು. ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಸಿಪ್ರೊಫ್ಲಾಕ್ಸಾಸಿನ್, ಲೀವೊಫ್ಲಾಕ್ಸಾಸಿನ್ ಜಾತಿಯ ಆ್ಯಂಟಿಬಯೋಟಿಕ್ ಇತ್ತೀಚೆಗೆ ತೆಗೆದುಕೊಂಡಿದ್ದರೆ ಅದನ್ನು ಮೊದಲೇ ಹೇಳಿ. ಈ ಮಾತ್ರೆಗಳಿಂದ ಅಕಿಲಿಸ್‌ನಂಥ ಸ್ನಾಯುರಜ್ಜು ಹರಿಯಬಹುದು ಎಂಬ ಎಚ್ಚರಿಕೆಯನ್ನು ಅಮೆರಿಕದ ಎಫ್‌ಡಿಎ 2008ರಲ್ಲೇ ಕಪ್ಪು ಚೌಕಟ್ಟಿನಲ್ಲಿ ಹಾಕಿಸಿದೆ.

ಡ್ರೈವ್‌ವೇ ಮೇಲಿನ ಮಂಜುಗಡ್ಡೆಯಲ್ಲಿ ಜಾರಿ ಕಾಲು ಎರಡು ದಿಕ್ಕಿಗೆ ಹೋಯಿತೇ? ಪೃಷ್ಠದ ಬುಡದಲ್ಲಿ ವಿಪರೀತ ನೋವು, ತೊಡೆ ಪೂರ್ತಿ ನೀಲಿಯಾಯಿತೇ? ಹ್ಯಾಮ್‌ಸ್ಟ್ರಿಂಗ್ ಮೂಳೆಯಿಂದಲೇ ಕಿತ್ತು ಬಂದಿರಬಹುದು. ಕಾಯಬೇಡಿ. ಇಂಥದ್ದಕ್ಕೆ ಆಪರೇಷನ್ ಬೇಕಾದರೆ ಮೊದಲ ವಾರಗಳಲ್ಲಿ ಮಾಡುವುದೇ ಸುಲಭ.

ಕೊನೆಯದು ನಮ್ಮವರಿಗೆ ಅತಿ ಮುಖ್ಯ. ಬೆಂಗಳೂರಿನಿಂದ ಡೆಟ್ರಾಯ್ಟ್‌ಗೆ 20 ಗಂಟೆ ಮೀರಿದ ಪ್ರಯಾಣ. ಅದು ಮುಗಿದ ದಿನಗಳಲ್ಲಿ ಒಂದೇ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರೆ "ಸೀಟಿನಲ್ಲಿ ಕೂತು ಹಿಡ್ಕೊಂಡಿದೆ" ಎಂದುಕೊಳ್ಳಬೇಡಿ. ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಲೇಬೇಡಿ. ಅದೇ ದಿನ ಅಲ್ಟ್ರಾಸೌಂಡ್ ಮಾಡಿಸಿ. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 911 ಒತ್ತಿ. ಊರಿನಿಂದ ಬಂದ ಅಪ್ಪ ಅಮ್ಮ ಸೊಸೆಗೆ, ಅಳಿಯನಿಗೆ ತೊಂದರೆ ಯಾಕೆ, ಆಸ್ಪತ್ರೆ ಬಿಲ್ ಯಾಕೆ ಎಂದು ಕಾಲು ನೋವನ್ನು ಮುಚ್ಚಿಡುತ್ತಾರೆ. ಬಂದ ವಾರವೇ ನೀವಾಗಿ ಕೇಳಿ. ಅವರ ಎರಡೂ ಕಾಲು ನೋಡಿ.

ಮೀನಖಂಡ ಕಲ್ಲಿನಂತೆ ಬಿಗಿದು, ನೋವು ಗಂಟೆಗಂಟೆಗೂ ಏರಿ, ಪಾದ ಜೋಮು ಹಿಡಿದರೂ ಅದು ಎಮರ್ಜೆನ್ಸಿಯೇ.

4. ಮೊದಲ 48 ಗಂಟೆ ಕಾಲಿಗೆ ಕೊಡಿ

ರೆಸ್ಟ್, ಐಸ್, ಕಂಪ್ರೆಶನ್, ಎಲಿವೇಶನ್: ಈ ನಾಲ್ಕನ್ನು ಸೇರಿಸಿ ರೈಸ್ ಎಂಬ ಹೆಸರು ಕೊಟ್ಟವರು ಡಾಕ್ಟರ್ ಗೇಬ್ ಮಿರ್ಕಿನ್, 1978ರಲ್ಲಿ. ದಶಕಗಳ ನಂತರ ಅವರೇ ತಮ್ಮ ಮಾತು ತಿದ್ದಿಕೊಂಡರು. ಐಸ್ ನೋವು ಕಡಿಮೆ ಮಾಡುತ್ತದೆ, ಆದರೆ ಅತಿಯಾದರೆ ವಾಸಿಯಾಗುವುದನ್ನು ನಿಧಾನ ಮಾಡಬಹುದು ಎಂದರು. ತಮಗೆ ಹೆಸರು ತಂದುಕೊಟ್ಟ ಸೂತ್ರವನ್ನೇ ತಿದ್ದುವ ಆ ಧೈರ್ಯ ನನಗೆ ಬಹಳ ಇಷ್ಟ. ನೀವೂ ಹಳೆಯ ನಂಬಿಕೆಯನ್ನು ತಿದ್ದಿಕೊಳ್ಳಿ.

ಫ್ರೀಜರಿನ ಬಟಾಣಿ ಪ್ಯಾಕೆಟ್ ತೆಗೆಯಿರಿ. ತೆಳು ಟವೆಲ್ ಸುತ್ತಿ 10ರಿಂದ 15 ನಿಮಿಷ ಇಡಿ. ನೋವಿದ್ದರೆ ಕೆಲವು ಗಂಟೆ ಬಿಟ್ಟು ಮತ್ತೆ ಇಡಿ. ಬರೀ ಚರ್ಮದ ಮೇಲೆ ಇಡಬೇಡಿ, ಸುಟ್ಟಂತಾಗುತ್ತದೆ. ಎಲಾಸ್ಟಿಕ್ ಬ್ಯಾಂಡೇಜನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಬೆರಳು ತಣ್ಣಗಾದರೆ, ಬಣ್ಣ ಬದಲಾದರೆ ಸಡಿಲಿಸಿ. ಮಲಗಿದಾಗ ಎರಡು ದಿಂಬಿನ ಮೇಲೆ ಕಾಲನ್ನು ಎದೆಗಿಂತ ಎತ್ತರಕ್ಕಿಡಿ. ಕುಂಟುತ್ತಿದ್ದರೆ ನಾಚಿಕೆ ಬಿಟ್ಟು ಊರುಗೋಲು ಹಿಡಿಯಿರಿ. ಹಾಟ್ ಟಬ್ ಬೇಡ, ಬಿಸಿನೀರಿನ ಶಾಖ ಬೇಡ, ಬಿಯರ್ ಬೇಡ. ಒಳಗೆ ಇನ್ನೂ ರಕ್ತ ಜಿನುಗುತ್ತಿರುವಾಗ ಇವೆಲ್ಲ ಊತ ಹೆಚ್ಚಿಸುತ್ತವೆ. ಸ್ಟ್ರೆಚ್ ಮಾಡಿ "ಬಿಡಿಸಿಕೊಳ್ಳುವ" ಸಾಹಸವೂ ಬೇಡ. ಹರಿದ ಬಟ್ಟೆಯನ್ನು ಎಳೆದರೆ ಹರಕು ಉದ್ದವಾಗುತ್ತದೆ.

5. ಅಮ್ಮನ ಎಣ್ಣೆಯನ್ನು ಒಂದು ವಾರ ಶೆಲ್ಫಿನಲ್ಲಿಡಿ

ಆರು ತಿಂಗಳ ಮಟ್ಟಿಗೆ ಬಂದ ಅಮ್ಮ ಸೂಟ್‌ಕೇಸಿನಲ್ಲಿ ಮಹಾನಾರಾಯಣ ತೈಲ ತಂದಿರುತ್ತಾರೆ. ಮಗನ ಕಾಲು ನೋಡಿದ ತಕ್ಷಣ ಎಣ್ಣೆ ಬಿಸಿ ಮಾಡಲು ಹೋಗುತ್ತಾರೆ. ಅವರ ಕೈ ತಡೆಯುವುದು ಕಷ್ಟ, ಆದರೂ ತಡೆಯಿರಿ. "ಈ ವಾರ ಬೇಡ ಅಮ್ಮ, ಮುಂದಿನ ವಾರ ನೀನೇ ಹಚ್ಚು" ಎನ್ನಿ. ಹೊಸ ಗಾಯವನ್ನು ಬಲವಾಗಿ ತಿಕ್ಕಿದರೆ ರಕ್ತ ಮತ್ತೆ ಒಸರುತ್ತದೆ. ದೊಡ್ಡ ಪೆಟ್ಟಿದ್ದರೆ ಮಾಂಸಖಂಡದೊಳಗೆ ಮೂಳೆಯಂಥ ಗಂಟು ಬೆಳೆಯುವ ಅಪಾಯವೂ ಇದೆ. ಊತ ಇಳಿದ ಮೇಲೆ ಬೆಚ್ಚಗಿನ ಎಣ್ಣೆ, ಹಗುರ ಕೈ, ಬಿಸಿನೀರು ಎಲ್ಲವೂ ಹಿತವೇ. ಬಿಗಿ ಸಡಿಲುತ್ತದೆ, ನಿದ್ದೆ ಬರುತ್ತದೆ. ಊರಿನ ಕಟ್ಟು ಹಾಕುವವರ ಬಳಿ ಉಳುಕು ತೆಗೆಸಿಕೊಂಡ ನೆನಪಿನಲ್ಲಿ ಯಾರಿಂದಲೂ ಕಾಲು ತಿರುಚಿಸಿಕೊಳ್ಳಬೇಡಿ.

6. ಮಾತ್ರೆಯ ಲೇಬಲ್ ಓದಿ

ನಮ್ಮ ಮನೆಗಳ ಡ್ರಾಯರಿನಲ್ಲಿ ಎರಡು ದೇಶದ ಔಷಧ ಅಂಗಡಿ ಇರುತ್ತದೆ. ಬೆಂಗಳೂರಿನ ಡೋಲೋ-650ರಲ್ಲಿ ಇರುವ ಪ್ಯಾರಾಸಿಟಮಾಲ್, ಇಲ್ಲಿಯ ಟೈಲೆನಾಲ್‌ನ ಅಸಿಟಮಿನೊಫೆನ್ ಒಂದೇ ಔಷಧ. ಹೆಸರು ಮಾತ್ರ ಬೇರೆ. ಎರಡನ್ನೂ ನುಂಗಿದರೆ ಡಬಲ್ ಡೋಸ್, ಏಟು ಲಿವರ್‌ಗೆ. ನೈಕ್ವಿಲ್‌ನಲ್ಲೂ ಅದೇ ಇದೆ. ಕಾಂಬಿಫ್ಲಾಮ್‌ನಲ್ಲಿ ಅದರ ಜೊತೆ ಐಬುಪ್ರೊಫೆನ್ ಕೂಡ ಇದೆ. ಅದರ ಮೇಲೆ ಆ್ಯಡ್ವಿಲ್ ನುಂಗಬೇಡಿ. ಬಿಪಿ, ಕಿಡ್ನಿ, ಹೊಟ್ಟೆಹುಣ್ಣಿನ ತೊಂದರೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಐಬುಪ್ರೊಫೆನ್ ಮುಟ್ಟುವ ಮುನ್ನ ಡಾಕ್ಟರನ್ನು ಕೇಳಿ. ಮೊದಲ ಎರಡು ಮೂರು ದಿನ ಅಸಿಟಮಿನೊಫೆನ್ ಸಾಕು ಎಂಬುದು ನನ್ನ ಆಯ್ಕೆ, ಏಕೆಂದರೆ ಆಗಿನ ಉರಿಯೂತ ದೇಹದ ರಿಪೇರಿ ಕೆಲಸದ ಮೊದಲ ಹೆಜ್ಜೆ. ಒಂದು ಮಾತು ಕಟ್ಟುನಿಟ್ಟು: ಮಾತ್ರೆ ನುಂಗಿ ನೋವು ಮರೆಸಿ ವ್ಯಾಯಾಮ ಮಾಡಬೇಡಿ. ಎಲ್ಲಿ ನಿಲ್ಲಬೇಕು ಎಂದು ಹೇಳುವುದು ಆ ನೋವೇ.

7. ಮೂರನೇ ದಿನ ಕೆಲಸ ಶುರು ಮಾಡಿ

ಇದು ಎಲ್ಲಕ್ಕಿಂತ ದೊಡ್ಡ ಸೂತ್ರ. "ಇನ್ನೂ ಸ್ವಲ್ಪ ದಿನ ರೆಸ್ಟ್ ತಗೋ" ಎಂದು ಎಲ್ಲರೂ ಹೇಳುತ್ತಾರೆ. ಕೇಳಲು ಹಿತ, ಕಾಲಿಗೆ ನಷ್ಟ.

ಡೆನ್ಮಾರ್ಕಿನ ಸಂಶೋಧಕರು 50 ಹವ್ಯಾಸಿ ಕ್ರೀಡಾಪಟುಗಳನ್ನು ತೆಗೆದುಕೊಂಡರು. ಎಲ್ಲರಿಗೂ ತೊಡೆ ಅಥವಾ ಮೀನಖಂಡದ ಎಳೆತ. ಒಂದು ಗುಂಪು ಗಾಯವಾದ ಎರಡು ದಿನಕ್ಕೆ ವ್ಯಾಯಾಮ ಶುರು ಮಾಡಿತು, ಇನ್ನೊಂದು ಒಂಬತ್ತು ದಿನಕ್ಕೆ. ವ್ಯತ್ಯಾಸ ಬರೀ ಒಂದು ವಾರ. ಮೊದಲ ಗುಂಪು ನೋವಿಲ್ಲದೆ ಆಟಕ್ಕೆ ಮರಳಲು ತೆಗೆದುಕೊಂಡ ಮಧ್ಯಮ ಅವಧಿ 62.5 ದಿನ, ಎರಡನೆಯದು 83 ದಿನ. 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಇದನ್ನು ಪ್ರಕಟಿಸಿತು. ಏಳು ದಿನ ಹೆಚ್ಚು ಮಲಗಿದ್ದಕ್ಕೆ ಸುಮಾರು ಮೂರು ವಾರ ದಂಡ! ಕಾರಣ ಸರಳ. ಹೊಸದಾಗಿ ಹುಟ್ಟುವ ಎಳೆಗಳಿಗೆ ಯಾವ ದಿಕ್ಕಿನಲ್ಲಿ ಜೋಡಿಸಿಕೊಳ್ಳಬೇಕು ಎಂದು ಹೇಳುವುದು ಅವುಗಳ ಮೇಲೆ ಬೀಳುವ ಭಾರ. ಭಾರವೇ ಇಲ್ಲದಿದ್ದರೆ ಗಾಯದ ಕಲೆ ಅಡ್ಡಾದಿಡ್ಡಿ ಬೆಳೆಯುತ್ತದೆ.

ಹೇಗೆ ಶುರು ಮಾಡುವುದು? ಸೊನ್ನೆಯಿಂದ ಹತ್ತರ ನೋವಿನ ಅಳತೆ ಇಟ್ಟುಕೊಳ್ಳಿ. ಮೂರರವರೆಗೆ ಮುಂದುವರಿಯಿರಿ, ದಾಟಿದರೆ ನಿಲ್ಲಿಸಿ. ಮರುದಿನ ಬೆಳಿಗ್ಗೆ ಎದ್ದಾಗ ನಿನ್ನೆಗಿಂತ ಹೆಚ್ಚು ನೋಯುತ್ತಿದ್ದರೆ ನಿನ್ನೆಯ ಡೋಸ್ ಹೆಚ್ಚಾಗಿತ್ತು, ಅರ್ಧಕ್ಕಿಳಿಸಿ.

ಹ್ಯಾಮ್‌ಸ್ಟ್ರಿಂಗ್ ಆಗಿದ್ದರೆ ಅಂಗಾತ ಮಲಗಿ, ಮಂಡಿ ಮಡಚಿ, ಹಿಮ್ಮಡಿಯನ್ನು ಕಾರ್ಪೆಟ್‌ಗೆ ಒತ್ತಿ ಹಿಡಿಯಿರಿ. 10 ಸೆಕೆಂಡಿನಂತೆ 10 ಬಾರಿ. ಕಾಲು ಕದಲುವುದಿಲ್ಲ, ಸ್ನಾಯು ದುಡಿಯುತ್ತದೆ. ಅದು ಸಲೀಸಾದರೆ ಸೊಂಟ ಎತ್ತುವ ಬ್ರಿಡ್ಜ್, ಆಮೇಲೆ ಒಂದೇ ಕಾಲಿನ ಬ್ರಿಡ್ಜ್. ಮುಂದಿನ ಹಂತಕ್ಕೆ ಜಿಮ್ ಮೆಂಬರ್‌ಶಿಪ್ ಬೇಕಿಲ್ಲ. ಇಂಡಿಯನ್ ಸ್ಟೋರಿನಿಂದ ತಂದ 20 ಪೌಂಡ್ ಸೋನಾ ಮಸೂರಿ ಚೀಲ ಸಾಕು. ಅಂದರೆ 9 ಕೆಜಿ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೆನ್ನು ನೇರ ಇಟ್ಟು, ಸೊಂಟದಿಂದ ನಿಧಾನವಾಗಿ ಬಾಗಿ ಏಳಿ. ಸ್ನಾಯು ಉದ್ದವಾಗುತ್ತಲೇ ಭಾರ ಹೊರುವ ಇಂಥ ವ್ಯಾಯಾಮಗಳಿಗೆ ಬೆಲೆ ಹೆಚ್ಚು. ಸ್ವೀಡನ್ನಿನ 75 ಉನ್ನತ ಮಟ್ಟದ ಫುಟ್‌ಬಾಲ್ ಆಟಗಾರರ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ದಾರಿ ಹಿಡಿದವರು ಸರಾಸರಿ 28 ದಿನಕ್ಕೆ ಮರಳಿದರು, ಸಾಂಪ್ರದಾಯಿಕ ವ್ಯಾಯಾಮದವರು 51 ದಿನಕ್ಕೆ.

ಮೀನಖಂಡವಾದರೆ ಅದೇ ಅಕ್ಕಿ ಚೀಲ ಮಂಡಿಯ ಮೇಲಿಟ್ಟು ಕೂತು ಹಿಮ್ಮಡಿ ಎತ್ತಿ. ಆಮೇಲೆ ಕಿಚನ್ ಕೌಂಟರ್ ಹಿಡಿದು ಎರಡು ಕಾಲಲ್ಲಿ, ಕೊನೆಗೆ ಬೇಸ್‌ಮೆಂಟ್ ಮೆಟ್ಟಿಲಿನ ಅಂಚಿನಲ್ಲಿ ಒಂದೇ ಕಾಲಲ್ಲಿ. ಮಂಡಿ ನೇರ ಇಟ್ಟು ಒಂದು ಸಲ, ಮಡಚಿ ಒಂದು ಸಲ. ಮೀನಖಂಡದಲ್ಲಿ ಎರಡು ದೊಡ್ಡ ಸ್ನಾಯುಗಳಿವೆ, ಎರಡಕ್ಕೂ ಪಾಲು ಬೇಕು. ಕ್ವಾಡ್ಸ್‌ಗೆ ಗೋಡೆಗೊರಗಿ ಕುರ್ಚಿಯಂತೆ ಕೂರುವುದು. ತೊಡೆಸಂದಿಗೆ ಮಂಡಿಗಳ ನಡುವೆ ದಿಂಬು ಒತ್ತುವುದು.

"ಮತ್ತೆ ಹರಿದುಬಿಟ್ಟರೆ?" ಎಂಬ ಭಯ ಬರುತ್ತದೆ. ಅದು ಒಂದು ಅಭ್ಯಾಸ. ಇವತ್ತು ನೋವಿಲ್ಲದೆ ಮಾಡಿದ ಹತ್ತು ರೆಪ್ಸ್ ಬರೆದಿಡಿ. ನಾಳೆ ಹನ್ನೆರಡು. ಭಯಕ್ಕೆ ಉತ್ತರವಾಗಿ ಆ ಲೆಕ್ಕವನ್ನು ತೋರಿಸಿ.

8. ಕ್ಯಾಲೆಂಡರ್ ಬಿಡಿ, ಗೇಟ್ ದಾಟಿ

ಆಟೊಮೊಬೈಲ್ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾರೀಕು ಬಂತು ಎಂದು ಬ್ರೇಕ್ ಪಾರ್ಟನ್ನು ಯಾರೂ ರಿಲೀಸ್ ಮಾಡುವುದಿಲ್ಲ. ಟೆಸ್ಟ್ ಪಾಸಾಗಬೇಕು. ನಿಮ್ಮ ಕಾಲಿಗೂ ಅದೇ ನಿಯಮ ಹಾಕಿ.

ನಾನು ಇದನ್ನು ಕಷ್ಟಪಟ್ಟು ಕಲಿತೆ. ನಡೆಯುವಾಗ ನೋವಿಲ್ಲ, ಮೂರು ವಾರ ಆಯಿತಲ್ಲ ಎಂದು ಮೈದಾನಕ್ಕಿಳಿದೆ. ಅದೇ ಜಾಗ, ಅದೇ ಛಳಕ್. ಆ ಬೇಸಿಗೆ ಪೂರ್ತಿ ಹೋಯಿತು. ನೋವು ಹೋಗುವುದು ಮೊದಲು, ಶಕ್ತಿ ಬರುವುದು ಆಮೇಲೆ. ನಡುವಿನ ಆ ವಾರಗಳಲ್ಲೇ ಬಹಳ ಜನ ಮತ್ತೆ ಗಾಯ ಮಾಡಿಕೊಳ್ಳುತ್ತಾರೆ.

ಗೇಟ್ ಒಂದು: ಕುಂಟದೆ ಒಂದು ಮೈಲಿ ನಡೆಯಿರಿ. ಈ ಊರಿನ ರಸ್ತೆಗಳೇ ಟೇಪು. ದಕ್ಷಿಣದ 8 ಮೈಲ್ ರಸ್ತೆಯಿಂದ ಉತ್ತರದ 14 ಮೈಲ್ ರಸ್ತೆಯವರೆಗೆ ಪ್ರತಿ ಮೈಲ್ ರಸ್ತೆಯೂ ಹಿಂದಿನದರಿಂದ ಒಂದು ಮೈಲಿ ದೂರ. 11ರಿಂದ 12ಕ್ಕೆ ನಡೆದರೆ 1.6 ಕಿಮೀ. ಗೇಟ್ ಎರಡು: ಗಾಯದ ಕಾಲಲ್ಲಿ 30 ಸೆಕೆಂಡ್ ನಿಲ್ಲಿ, ಮೆಟ್ಟಿಲನ್ನು ರೇಲಿಂಗ್ ಹಿಡಿಯದೆ ಇಳಿಯಿರಿ. ಗೇಟ್ ಮೂರು: ಒಂದು ನಿಮಿಷ ಜಾಗ್, ಒಂದು ನಿಮಿಷ ನಡಿಗೆ, ಹತ್ತು ಸುತ್ತು. ಫಾರ್ಮಿಂಗ್ಟನ್ ರಸ್ತೆಯ ಹೆರಿಟೇಜ್ ಪಾರ್ಕ್ ಇದಕ್ಕೆ ಒಳ್ಳೆಯ ಜಾಗ. ಸಮತಟ್ಟಾದ ಕಡೆ ಶುರು ಮಾಡಿ, ಏರು ಇಳಿಜಾರನ್ನು ಕೊನೆಗೆ ಉಳಿಸಿಕೊಳ್ಳಿ. ಗೇಟ್ ನಾಲ್ಕು: ಒಳ್ಳೆಯ ಕಾಲಲ್ಲಿ ಎಷ್ಟು ಬಾರಿ ಹಿಮ್ಮಡಿ ಎತ್ತಬಲ್ಲಿರಿ, ಎಷ್ಟು ಬ್ರಿಡ್ಜ್ ಮಾಡಬಲ್ಲಿರಿ ಎಣಿಸಿ. ಗಾಯದ ಕಾಲು ಅದರ ಶೇ. 90 ಮುಟ್ಟಬೇಕು. ಗೇಟ್ ಐದು: ಶೇ. 60, 80, 100ರ ವೇಗದ ಓಟ, ಬೇರೆ ಬೇರೆ ದಿನ. ಆಮೇಲೆ ಥಟ್ಟನೆ ತಿರುಗುವುದು, ನಿಲ್ಲುವುದು. ಎರಡು ಪೂರ್ತಿ ಪ್ರಾಕ್ಟೀಸ್ ಮುಗಿಸಿ, ಎರಡರ ಮರುದಿನವೂ ಕಾಲು ಶಾಂತವಾಗಿದ್ದರೆ ಟೀಮಿಗೆ ಹೆಸರು ಕೊಡಿ.

ಒಂದು ಗೇಟ್ ಫೇಲಾದರೆ ಹಿಂದಿನ ಗೇಟಿಗೆ ಹೋಗಿ. ಅದು ಸೋಲಲ್ಲ, ರೀಟೆಸ್ಟ್.

9. ಬ್ರೇಕ್ ಒತ್ತಲಾರದ ಕಾಲಿನಲ್ಲಿ ಕಾರು ಓಡಿಸಬೇಡಿ

ಬಲಗಾಲು ಎಳೆದಿದ್ದರೆ ಐ-696 ಹೆದ್ದಾರಿ ಹತ್ತುವ ಮೊದಲು ಗ್ಯಾರೇಜಿನಲ್ಲಿ ನಿಂತ ಕಾರಿನಲ್ಲಿ ಕೂತು ಬ್ರೇಕನ್ನು ಗಟ್ಟಿಯಾಗಿ, ಥಟ್ಟನೆ ಹತ್ತು ಸಲ ಒತ್ತಿ ನೋಡಿ. ಒಂದು ಸಲ ಹಿಂಜರಿದರೂ ಕೀ ಒಳಗಿಡಿ. ಹೆದ್ದಾರಿಯಲ್ಲಿ ಅರ್ಧ ಸೆಕೆಂಡಿನ ಹಿಂಜರಿಕೆ ಕಾರಿನ ಹಲವು ಉದ್ದದಷ್ಟು ದೂರ.

10. ಮ್ಯಾನೇಜರ್‌ಗೆ ಸೋಮವಾರ ಬೆಳಿಗ್ಗೆಯೇ ತಿಳಿಸಿ

ವೀಸಾ ಕಂಪನಿಯ ಕೈಯಲ್ಲಿದೆ, ರಜೆ ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ಕುಂಟುತ್ತಲೇ ಆಫೀಸಿಗೆ ಹೋಗುವವರನ್ನು ಕಂಡಿದ್ದೇನೆ. ಈ ಸಂಕೋಚ ಬಿಡಿ. ಮಿಶಿಗನ್‌ನ ಅರ್ನ್ಡ್ ಸಿಕ್ ಟೈಮ್ ಕಾನೂನು 2025ರ ಫೆಬ್ರವರಿ 21ರಿಂದ ಜಾರಿಯಲ್ಲಿದೆ. 30 ಗಂಟೆ ದುಡಿದರೆ ಒಂದು ಗಂಟೆ ಸಂಬಳದ ಸಿಕ್ ಟೈಮ್ ಜಮೆಯಾಗುತ್ತದೆ. 10ಕ್ಕಿಂತ ಹೆಚ್ಚು ಜನರಿರುವ ಕಂಪನಿಯಲ್ಲಿ ವರ್ಷಕ್ಕೆ 72 ಗಂಟೆಯವರೆಗೆ ಬಳಸಬಹುದು. ಅದು ನೀವು ದುಡಿದು ಗಳಿಸಿದ ಸಮಯ. ಇಮೇಲ್ ಚಿಕ್ಕದಾಗಿರಲಿ: ಏನಾಗಿದೆ, ಎಷ್ಟು ದಿನ ಮನೆಯಿಂದ ಕೆಲಸ, ಯಾವ ಡೆಲಿವರಿ ಯಾವಾಗ. ಪರಿಹಾರ ಜೊತೆಗಿಟ್ಟು ಕೇಳುವವರನ್ನು ಒಳ್ಳೆಯ ಮ್ಯಾನೇಜರ್ ಗೌರವಿಸುತ್ತಾರೆ. ಮನೆಯಲ್ಲಿ ಕೂತಾಗಲೂ 45 ನಿಮಿಷಕ್ಕೊಮ್ಮೆ ಏಳಿ. ಮಡಚಿದ ಕಾಲು ಮಡಚಿಯೇ ಬಿಗಿಯುತ್ತದೆ.

11. ಫಿಸಿಕಲ್ ಥೆರಪಿಸ್ಟ್ ಬಳಿ ನೇರ ಹೋಗಿ

"ಮೊದಲು ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗಲಿ" ಎಂದು ಮೂರು ವಾರ ಕಳೆಯಬೇಡಿ. ಮಿಶಿಗನ್‌ನಲ್ಲಿ 2015ರ ಜನವರಿಯಿಂದ ಡಾಕ್ಟರ ಚೀಟಿ ಇಲ್ಲದೆಯೂ ಫಿಸಿಕಲ್ ಥೆರಪಿಸ್ಟ್ ಬಳಿ 21 ದಿನ ಅಥವಾ 10 ಭೇಟಿಯವರೆಗೆ ಚಿಕಿತ್ಸೆ ಪಡೆಯಬಹುದು. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಆದರೆ ಕಾನೂನು ಒಪ್ಪಿದ್ದನ್ನೆಲ್ಲ ಇನ್ಶೂರೆನ್ಸ್ ಒಪ್ಪಬೇಕೆಂದಿಲ್ಲ. ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಈ ಕ್ಲಿನಿಕ್ ಇನ್-ನೆಟ್‌ವರ್ಕ್ ಹೌದೇ, ಚೀಟಿ ಬೇಕೇ. ಎರಡೇ ಭೇಟಿ ಸಾಧ್ಯವಾದರೆ ಒಂದನ್ನು ಮೊದಲ ವಾರಕ್ಕೆ, ಇನ್ನೊಂದನ್ನು ಐದನೇ ಗೇಟಿಗೆ ಮುನ್ನ ಇಟ್ಟುಕೊಳ್ಳಿ. ವಾರದಲ್ಲಿ ಏನೂ ಸುಧಾರಿಸದಿದ್ದರೆ ಡಾಕ್ಟರನ್ನು ನೋಡುವುದು ತಪ್ಪಿಸಬೇಡಿ.

12. ತಟ್ಟೆಯಲ್ಲಿ ಪ್ರೊಟೀನ್ ಎಣಿಸಿ, ರಾತ್ರಿ ನಿದ್ದೆ ಎಣಿಸಿ

ಹೊಸ ಎಳೆ ನೇಯಲು ನೂಲು ಬೇಕು. ಅನ್ನ, ತಿಳಿಸಾರು, ಹಪ್ಪಳದಲ್ಲಿ ಅದು ಸಾಕಷ್ಟು ಸಿಗುವುದಿಲ್ಲ. ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೊಟೀನ್ ಗುರಿ ಇಡಿ. 70 ಕೆಜಿಯವರಿಗೆ 84ರಿಂದ 112 ಗ್ರಾಂ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಕಪ್ ಬೆಂದ ಬೇಳೆಯಲ್ಲಿ ಸುಮಾರು 18 ಗ್ರಾಂ. ಮುದ್ದೆ ಉಣ್ಣಿ, ಆದರೆ ಪ್ರೊಟೀನ್ ಹೆಚ್ಚು ಇರುವುದು ಮುದ್ದೆಯಲ್ಲಲ್ಲ, ಹುರುಳಿ ಬಸ್ಸಾರಿನ ಕಾಳಿನಲ್ಲಿ. ಕಾಳನ್ನು ಹೆಚ್ಚು ಬಡಿಸಿಕೊಳ್ಳಿ. ಗಾಯಗೊಂಡ ವಾರವೇ ಡಯಟ್ ಶುರು ಮಾಡಬೇಡಿ. ಭಾರತದ ಟೀಮಿನ ಜೊತೆ ನಡುರಾತ್ರಿ ಕಾಲ್ ಇದ್ದರೆ ಎರಡು ವಾರ ಬೇರೆಯವರಿಗೆ ಒಪ್ಪಿಸಿ. ರಿಪೇರಿಗೆ ನಿದ್ದೆ ಬೇಕು.

13. ರಾಹುಲ್ ಅವರಂತೆ ಕಾಯಿರಿ, ಚಳಿಗಾಲಕ್ಕೂ ಪ್ಲಾನ್ ಇಡಿ

ಸುರತ್ಕಲ್‌ನಲ್ಲಿ ಬೆಳೆದ ಕ್ರಿಕೆಟಿಗ ಕೆ.ಎಲ್. ರಾಹುಲ್ 2023ರ ಮೇ 1ರಂದು ಲಖನೌದಲ್ಲಿ ಆರ್‌ಸಿಬಿ ವಿರುದ್ಧ ಬೌಂಡರಿ ಕಡೆಗೆ ಚೆಂಡು ಬೆನ್ನಟ್ಟುವಾಗ ತೊಡೆ ಹಿಡಿದು ಕುಸಿದರು. ಅವರದು ಆಪರೇಷನ್ ಬೇಕಾದ ಗಾಯ. ಐಪಿಎಲ್ ಹೋಯಿತು, ಜೂನ್‌ನ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್ ಹೋಯಿತು. ಬೆಂಗಳೂರಿನ ನ್ಯಾಷನಲ್ ಕ್ರಿಕೆಟ್ ಅಕಾಡೆಮಿಯಲ್ಲಿ ಒಂದೊಂದೇ ಹೆಜ್ಜೆ ಕಟ್ಟಿದರು. ಸೆಪ್ಟೆಂಬರ್ 11ರಂದು ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 111. ವಿಶ್ವಮಟ್ಟದ ಆಟಗಾರ, ಸುತ್ತ ಡಾಕ್ಟರುಗಳು, ಆದರೂ ನಾಲ್ಕು ತಿಂಗಳು. ನಿಮ್ಮ ಆರು ವಾರಕ್ಕೆ ಬೇಸರಪಡಬೇಡಿ.

ಹಿಮ ಬಿದ್ದ ಮೇಲೆ ಹೊರಗೆ ಜಾಗ್ ಮಾಡುವ ಹಟ ಬೇಡ. ಹಳೆಯ ಹ್ಯಾರಿಸನ್ ಹೈಸ್ಕೂಲ್ ಕಟ್ಟಡದಲ್ಲಿರುವ ನಗರದ ಕಮ್ಯೂನಿಟಿ ಸೆಂಟರ್ ದಿ ಹಾಕ್‌ನಲ್ಲಿ ಈಜುಕೊಳವಿದೆ, ಜಿಮ್ ಇದೆ. ನೀರಿನಲ್ಲಿ ನಡೆಯಿರಿ, ದೇಹದ ಭಾರ ನೀರು ಹೊರುತ್ತದೆ, ಚಲನೆ ಕಾಲಿಗೆ ಸಿಗುತ್ತದೆ. ನೋವೈ ಊರಿನ ಟ್ವೆಲ್ವ್ ಓಕ್ಸ್ ಮಾಲ್ ಒಳಗಿನ ನಡಿಗೆಯೂ ನಡಿಗೆಯೇ. ಡ್ರೈವ್‌ವೇ ಹಿಮ ತೆಗೆಯುವ ಮುನ್ನ ಮನೆಯೊಳಗೆ ಐದು ನಿಮಿಷ ಮೆಟ್ಟಿಲು ಹತ್ತಿ ಇಳಿದು ಮೈ ಬೆಚ್ಚಗೆ ಮಾಡಿಕೊಳ್ಳಿ. ಉಪ್ಪು ಮೊದಲು ಎರಚಿ, ಕಾಲು ಆಮೇಲೆ ಇಡಿ.

ಕಾಲು ವಾಸಿಯಾದ ಮೇಲೂ ವಾರಕ್ಕೆರಡು ದಿನ ನಾರ್ಡಿಕ್ ವ್ಯಾಯಾಮ ಮಾಡಿ. ಮಂಡಿಯೂರಿ ನಿಂತು, ಮನೆಯವರಿಂದ ಹಿಮ್ಮಡಿ ಹಿಡಿಸಿಕೊಂಡು, ಮೈಯನ್ನು ನೇರ ಹಲಗೆಯಂತೆ ಮುಂದಕ್ಕೆ ಆದಷ್ಟು ನಿಧಾನವಾಗಿ ಬಾಗಿಸಿ, ಕೊನೆಗೆ ಕೈಯೂರಿ. ಇದನ್ನು ತಪ್ಪದೆ ಮಾಡಿದ ಕ್ರೀಡಾಪಟುಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಸುಮಾರು ಅರ್ಧಕ್ಕಿಳಿದಿವೆ. ಮೊದಲ ವಾರ ಐದೈದರ ಎರಡು ಸೆಟ್ ಸಾಕು. ತೊಡೆ ಚೆನ್ನಾಗಿ ನೋಯುತ್ತದೆ, ಎರಡನೇ ವಾರಕ್ಕೆ ಒಗ್ಗುತ್ತದೆ. ಏಪ್ರಿಲ್ ಕೊನೆಗೆ ಮೈದಾನದ ಹಿಮ ಕರಗಿ, ವಾಟ್ಸ್ಆ್ಯಪ್ ಗ್ರೂಪಿನಲ್ಲಿ "ಶನಿವಾರ ಯಾರ್ಯಾರು?" ಎಂಬ ಮೆಸೇಜ್ ಬರುವ ಹೊತ್ತಿಗೆ ಮೂರು ತಿಂಗಳ ನಾರ್ಡಿಕ್ ಮುಗಿದಿರಲಿ. ಟಾಸ್‌ಗೆ 20 ನಿಮಿಷ ಮುಂಚೆ ಬಂದು ಮೈದಾನದ ಸುತ್ತ ಎರಡು ಸುತ್ತು ಓಡಿ, ಜೊತೆಗೆ ಇನ್ನಿಬ್ಬರನ್ನು ಎಳೆದುಕೊಳ್ಳಿ.